ಸಿನಿಮಾ ಪ್ರಶ್ನೋತ್ತರ: ಥ್ರಿಲ್ಲರ್ ಚಿತ್ರದ ಮೊದಲ ಎರಡು ನಿಮಿಷ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಥ್ರಿಲ್ಲರ್ ಚಿತ್ರವನ್ನು ಎಲ್ಲಿಂದ, ಹೇಗೆ ಶುರು ಮಾಡಬೇಕು? ಚಿತ್ರಕಥೆ ಬರೆಯುವವರೂ ಕೇಳಿದ್ದಾರೆ, ಮೊಬೈಲಿನಲ್ಲಿ ಕಿರುಚಿತ್ರ ಮಾಡುವವರೂ ಕೇಳಿದ್ದಾರೆ. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ಸಸ್ಪೆನ್ಸ್, ಮಿಸ್ಟರಿ ಎರಡೂ ಒಂದೇ ಅಂದುಕೊಂಡಿದ್ದೆ. ಬೇರೆ ಬೇರೆ ಎಂದು ಒಬ್ಬರು ತಿದ್ದಿದರು. ವ್ಯತ್ಯಾಸ ಏನು? ಆರಂಭಕ್ಕೆ ಯಾವುದು ಒಳ್ಳೆಯದು?
(ಚಿತ್ರಕಥೆ ಬರೆಯುತ್ತಿರುವ ಓದುಗರು, ಹಾಸನ)

ತಿದ್ದಿದವರು ಸರಿ. ಮಿಸ್ಟರಿ, ಅಂದರೆ ನಿಗೂಢತೆಯಲ್ಲಿ, ಪ್ರೇಕ್ಷಕರಿಗೆ ತೆರೆಯ ಮೇಲಿನ ಯಾರಿಗೋ ಗೊತ್ತಿರುವ ಸಂಗತಿ ಗೊತ್ತಿರುವುದಿಲ್ಲ. ಸಸ್ಪೆನ್ಸಿನಲ್ಲಿ ಪಾತ್ರಕ್ಕೆ ಗೊತ್ತಿಲ್ಲದ್ದು ಪ್ರೇಕ್ಷಕರಿಗೆ ಗೊತ್ತಿರುತ್ತದೆ. ಒಂದರಲ್ಲಿ ನಾವು ಹಿಂದೆ ಬಿದ್ದಿದ್ದೇವೆ, ಇನ್ನೊಂದರಲ್ಲಿ ಮುಂದೆ ಹೋಗಿ ಏನೂ ಮಾಡಲಾಗದೆ ನಿಂತಿದ್ದೇವೆ. ಆಲ್‌ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೋ ಜೊತೆ ನಡೆಸಿದ ಮಾತುಕತೆಯಲ್ಲಿ ಇದನ್ನು ಮೇಜಿನ ಕೆಳಗಿನ ಬಾಂಬಿನ ಉದಾಹರಣೆಯಿಂದ ಬಿಡಿಸಿ ಹೇಳಿದ್ದರು. ಬಾಂಬು ಇದೆ ಎಂದು ತಿಳಿಸದೆ ಸಿಡಿಸಿದರೆ ಪ್ರೇಕ್ಷಕರಿಗೆ ಸಿಗುವುದು 15 ಸೆಕೆಂಡಿನ ಆಘಾತ. ಮೊದಲೇ ತಿಳಿಸಿದರೆ, ಮೇಜಿನ ಸುತ್ತ ಕುಳಿತವರು ಏನೇ ಹರಟಿದರೂ 15 ನಿಮಿಷ ಉಸಿರು ಬಿಗಿಹಿಡಿಯುತ್ತಾರೆ.

ಇದನ್ನೇ ಆರಂಭದ ದೃಶ್ಯದಲ್ಲಿ ಮಾಡಿ ತೋರಿಸಿದ ಚಿತ್ರ ಆರ್ಸನ್ ವೆಲ್ಸ್ ಅವರ 1958ರ ‘ಟಚ್ ಆಫ್ ಈವಿಲ್’. ಮೊದಲ ಚೌಕಟ್ಟಿನಲ್ಲೇ ಒಂದು ಜೊತೆ ಕೈ, ಕೈಯಲ್ಲಿ ಟೈಮ್ ಬಾಂಬ್. ಬೆರಳು ಗಡಿಯಾರದ ಮುಳ್ಳನ್ನು ತಿರುಗಿಸುತ್ತದೆ. ಆ ಮನುಷ್ಯ ಓಡಿಹೋಗಿ ಅದನ್ನು ಒಂದು ಕಾರಿನ ಡಿಕ್ಕಿಯಲ್ಲಿಟ್ಟು ಮರೆಯಾಗುತ್ತಾನೆ. ಒಬ್ಬ ಗಂಡಸು, ಒಬ್ಬ ಹೆಂಗಸು ಬಂದು ಕಾರು ಹತ್ತುತ್ತಾರೆ. ಕ್ರೇನಿನ ಮೇಲಿನ ಕ್ಯಾಮೆರಾ ಕಟ್ಟಡದ ಮೇಲೇರಿ ಬೀದಿಗೆ ಇಳಿಯುತ್ತದೆ. ಮೂರು ನಿಮಿಷಕ್ಕೂ ಹೆಚ್ಚು ಕಾಲ ಒಂದೂ ಕಟ್ ಇಲ್ಲ.

ಆ ಮೂರು ನಿಮಿಷದಲ್ಲಿ ಕಾರಿಗೆ ಏನಾಗುತ್ತದೆ ಎಂದು ನೋಡಿ. ಪೊಲೀಸಿನವನು ಕೈ ಅಡ್ಡ ಹಿಡಿಯುತ್ತಾನೆ, ಕಾರು ನಿಲ್ಲುತ್ತದೆ. ಆಡಿನ ಹಿಂಡು ಅಡ್ಡ ಬರುತ್ತದೆ, ಮತ್ತೆ ನಿಲ್ಲುತ್ತದೆ. ಅಷ್ಟರಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ನಡೆದು ಬರುತ್ತದೆ. ಕ್ಯಾಮೆರಾ ಕಾರನ್ನು ಬಿಟ್ಟು ಅವರ ಜೊತೆ ಹೊರಡುತ್ತದೆ. ಕಾರು ಚೌಕಟ್ಟಿನಿಂದ ಹೋಗಿ, ಮತ್ತೆ ಬಂದು, ನಡೆಯುವವರ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಪ್ರತಿಸಲ ಅದು ಹತ್ತಿರ ಬಂದಾಗ ನಮ್ಮ ತಲೆಯಲ್ಲಿ ಉಳಿದ ಸೆಕೆಂಡುಗಳ ಲೆಕ್ಕ ತಾನಾಗಿ ನಡೆಯುತ್ತದೆ. ಗಡಿ ಚೌಕಿಯಲ್ಲಿ ಕಾರಿನೊಳಗಿನ ಹೆಂಗಸು ತಲೆಯೊಳಗೆ ಏನೋ ಟಿಕ್ ಟಿಕ್ ಎನ್ನುತ್ತಿದೆ ಎನ್ನುತ್ತಾಳೆ. ಯಾರೂ ಕಿವಿಗೊಡುವುದಿಲ್ಲ. ಕಾರು ಮುಂದೆ ಹೋಗುತ್ತದೆ, ಜೋಡಿ ಮುತ್ತಿಡಲು ಬಾಗುತ್ತದೆ, ಸ್ಫೋಟ ತೆರೆಯಾಚೆ ಕೇಳಿಸುತ್ತದೆ. ಮೊದಲ ಕಟ್ ಬರುವುದು ಆಗಲೇ.

ಹಾಸನದ ಓದುಗರು ಗಮನಿಸಬೇಕಾದ ಸಂಗತಿ: ಇದೇ ದೃಶ್ಯದಲ್ಲಿ ಎರಡೂ ಇವೆ. ಕಾರಿನಲ್ಲಿ ಬಾಂಬು ಇದೆ ಎನ್ನುವುದು ಸಸ್ಪೆನ್ಸ್. ಇಟ್ಟವನು ಯಾರು, ಏಕೆ ಇಟ್ಟ ಎನ್ನುವುದು ನಿಗೂಢ. ಮೊದಲನೆಯದು ಮೂರು ನಿಮಿಷಕ್ಕೆ ಮುಗಿಯುತ್ತದೆ, ಎರಡನೆಯದು ಚಿತ್ರವನ್ನು ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಆರಂಭದ ದೃಶ್ಯಕ್ಕೆ ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಹಂಚಿಕೆ ಇಲ್ಲ. ದೃಶ್ಯದೊಳಗೆ ಓಡಲು ಸಸ್ಪೆನ್ಸ್ ಇರಲಿ, ದೃಶ್ಯ ಮುಗಿದ ಮೇಲೆ ಉಳಿಯಲು ಒಂದು ನಿಗೂಢ ಪ್ರಶ್ನೆ ಇರಲಿ. ಬರೀ ನಿಗೂಢವನ್ನೇ ನೆಚ್ಚಿಕೊಂಡರೆ ನೋಡುವವರಿಗೆ ಕುತೂಹಲ ಇರುತ್ತದೆ, ಭಯ ಇರುವುದಿಲ್ಲ.

ಪ್ರಶ್ನೆ: ನನ್ನದು 14 ನಿಮಿಷದ ಕಿರುಚಿತ್ರ. ಮೊದಲ ದೃಶ್ಯ ಹೀಗಿದೆ: ಕತ್ತಲ ಕೋಣೆ, ತೊಟ್ಟಿಕ್ಕುವ ನಲ್ಲಿ, ಚಾಕು ಹಿಡಿದ ಕೈ, ಹೆಂಗಸಿನ ನಗು, ಅರ್ಧ ಸುಟ್ಟ ಫೋಟೋ, ಓಡುವ ಕಾಲುಗಳು, ಟೈಟಲ್. ನೋಡಿದವರೆಲ್ಲ ‘ಮೇಕಿಂಗ್ ಚೆನ್ನಾಗಿದೆ, ಆದರೆ ಏನೂ ಗೊತ್ತಾಗಲಿಲ್ಲ’ ಎನ್ನುತ್ತಾರೆ. ನಿಗೂಢ ಅಂದಮೇಲೆ ಗೊತ್ತಾಗಬಾರದು ತಾನೆ?
(ಕಿರುಚಿತ್ರ ನಿರ್ದೇಶಕರು, ಪುತ್ತೂರು)

ನಿಮ್ಮ ಪಟ್ಟಿಯಲ್ಲಿ ಆರು ಚಿತ್ರಗಳಿವೆ, ಆರೂ ಪ್ರಶ್ನೆಗಳೇ. ಯಾರ ಮನೆ, ಯಾರ ಕೈ, ಯಾರ ನಗು, ಯಾರ ಫೋಟೋ? ನೋಡುವವರಿಗೆ ನಿಲ್ಲಲು ಒಂದು ಅಡಿ ನೆಲವೂ ಸಿಕ್ಕಿಲ್ಲ. ಕಾಣೆಯಾದದ್ದು ಒಂದೇ ಆಗಿದ್ದರೆ ಮನಸ್ಸು ಅದನ್ನು ಹುಡುಕುತ್ತದೆ. ಎಲ್ಲವೂ ಕಾಣೆಯಾಗಿದ್ದರೆ ಹುಡುಕುವುದನ್ನೇ ಬಿಟ್ಟು, ‘ಮುಂದೆ ಗೊತ್ತಾಗುತ್ತೆ ಬಿಡು’ ಎಂದು ಒರಗಿ ಕೂರುತ್ತದೆ. ಥ್ರಿಲ್ಲರ್ ಸೋಲುವುದು ಆ ಒರಗುವಿಕೆಯಲ್ಲಿ.

ಹೀಗೆ ಮಾಡಿ: ಜಾಗ, ಹೊತ್ತು, ಮನುಷ್ಯ, ಆ ಮನುಷ್ಯ ಮಾಡುತ್ತಿರುವ ಕೆಲಸ, ಈ ನಾಲ್ಕನ್ನೂ ಹಗಲಿನಷ್ಟು ಸ್ಪಷ್ಟವಾಗಿ ಕೊಡಿ. ಐದನೆಯದೊಂದು ಸಂಗತಿ ಈ ನಾಲ್ಕಕ್ಕೆ ಹೊಂದಿಕೊಳ್ಳದಂತೆ ಇರಲಿ. ಹಿಚ್‌ಕಾಕ್ ಅವರ 1954ರ ‘ರಿಯರ್ ವಿಂಡೋ’ ಒಂದೂ ಮಾತಿಲ್ಲದೆ ಕಥಾನಾಯಕನ ಪೂರ್ತಿ ವಿವರ ಕೊಡುತ್ತದೆ. ವಠಾರದ ಕಿಟಕಿಗಳು, ಏರಿದ ಉಷ್ಣಮಾಪಕ, ಬೆವರಿದ ಹಣೆ, ಪ್ಲಾಸ್ಟರ್ ಹಾಕಿದ ಕಾಲು, ಮುರಿದ ಕ್ಯಾಮೆರಾ, ಗೋಡೆಯ ಮೇಲೆ ರೇಸ್ ಕಾರು ಅಪಘಾತದ ಫೋಟೋ. ಅವನು ಛಾಯಾಗ್ರಾಹಕ, ಆ ಫೋಟೋ ತೆಗೆಯಲು ಹೋಗಿ ಕಾಲು ಮುರಿದುಕೊಂಡ, ಈಗ ಸೆಕೆಯಲ್ಲಿ ಕಿಟಕಿ ಬಳಿ ಕೂರುವುದು ಬಿಟ್ಟು ಬೇರೆ ದಾರಿಯಿಲ್ಲ. ಇಷ್ಟು ಖಚಿತವಾಗಿ ನೆಲೆ ಸಿಕ್ಕಿದ್ದರಿಂದಲೇ ಆಮೇಲೆ ಎದುರು ಕಿಟಕಿಯಲ್ಲಿ ಏನೋ ತಪ್ಪಿದೆ ಎನಿಸಿದಾಗ ನಾವೂ ಬೆಚ್ಚುತ್ತೇವೆ.

ನಿಮ್ಮ ಬಜೆಟ್ಟಿಗೆ ಹೊಂದುವಂತೆ ಒಂದು ದೃಶ್ಯ ಕಟ್ಟಿ ನೋಡೋಣ. ಸಂಜೆ, ಒಂದು ಮನೆಯ ಅಂಗಳ. ಹೆಂಗಸೊಬ್ಬಳು ಗೇಟಿಗೆ ಒಳಗಿನಿಂದ ಚಿಲಕ ಹಾಕುತ್ತಾಳೆ. ಒಳಗೆ ಹೋಗಿ ಹಾರ ಹಾಕಿದ ಗಂಡನ ಫೋಟೋ ಮುಂದೆ ದೀಪ ಹಚ್ಚುತ್ತಾಳೆ. ಹೊರಗೆ ಬಂದು ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಾಳೆ: ಎರಡು ಸೀರೆ, ಮಗುವಿನ ಯೂನಿಫಾರ್ಮು, ಎಲ್ಲ ಗರಿಗರಿ ಒಣಗಿವೆ. ಕೊನೆಯಲ್ಲಿ ಒಂದು ಗಂಡಸಿನ ಅಂಗಿ. ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ.

ಇಷ್ಟೇ. ಚಾಕು ಇಲ್ಲ, ಕಿರುಚಾಟ ಇಲ್ಲ. ಈ ಅಂಗಿಯನ್ನು ಈಗಷ್ಟೇ ಯಾರೋ ಒಗೆದು ಹಾಕಿದ್ದಾರೆ, ಗೇಟು ಒಳಗಿನಿಂದ ಮುಚ್ಚಿದೆ. ಅಂದರೆ ಹಾಕಿದವರು ಒಳಗೇ ಇದ್ದಾರೆ.

70 ಸೆಕೆಂಡಿನಲ್ಲಿ ಇದನ್ನು ಮುಗಿಸಬಹುದು. ಅಂಗಳ ಪೂರ್ತಿ ಕಾಣುವ ವೈಡ್ ಶಾಟ್ 10 ಸೆಕೆಂಡ್. ಗೇಟು, ಹಗ್ಗ, ಮನೆಯ ಬಾಗಿಲು ಮೂರೂ ಒಂದೇ ಚೌಕಟ್ಟಿನಲ್ಲಿ ಬರಲೇಬೇಕು. ಫೋಟೋ ಮತ್ತು ದೀಪ 9 ಸೆಕೆಂಡ್. ಬಟ್ಟೆ ತೆಗೆಯುವ ಮಿಡ್ ಶಾಟ್ (ಸೊಂಟದಿಂದ ಮೇಲಕ್ಕೆ ಕಾಣುವಂತೆ) 12, ಒಣಗಿದ ಬಟ್ಟೆ ಮಡಚುವ ಕೈ 8, ಅಂಗಿಯನ್ನು ಹತ್ತಿರದಿಂದ ತೋರಿಸುವ ಕ್ಲೋಸ್ 6, ಮುಖ 5. ಉಳಿದ 20 ಸೆಕೆಂಡ್ ಮತ್ತೆ ಅದೇ ಮೊದಲ ವೈಡ್, ಅದೇ ಕೋನ. ಅವಳು ಗೇಟಿನತ್ತ ನೋಡುತ್ತಾಳೆ, ಆಮೇಲೆ ತೆರೆದ ಬಾಗಿಲಿನತ್ತ. ಮೊದಲ ಸಲ ಬರೀ ಅಂಗಳವಾಗಿ ಕಂಡದ್ದು ಈಗ ಬೋನಿನ ಹಾಗೆ ಕಾಣುತ್ತದೆ, ಏಕೆಂದರೆ ನೋಡುವವರಿಗೆ ಆ ಜಾಗದ ನಕ್ಷೆ ಗೊತ್ತು.

ಕ್ರಮ ಬದಲಿಸಿ ನೋಡಿ. ಅಂಗಿ ಮೊದಲು, ಹಾರ ಹಾಕಿದ ಫೋಟೋ ಕೊನೆಗೆ ಬಂದರೆ ಅದು ಅಚ್ಚರಿ: ಒಂದು ಕ್ಷಣದ ಮಿಂಚು, ಮುಗಿಯಿತು. ಫೋಟೋ ಮೊದಲು ಬಂದರೆ, ಅವಳ ಕೈ ಅಂಗಿಯ ಕಡೆ ಸರಿಯುವ ಅಷ್ಟೂ ಹೊತ್ತು ನಾವು ಅವಳಿಗಿಂತ ಅರ್ಧ ಹೆಜ್ಜೆ ಮುಂದಿರುತ್ತೇವೆ. ಎರಡೂ ತಪ್ಪಲ್ಲ. ಆದರೆ ಎಡಿಟಿಂಗ್ ಟೇಬಲ್ಲಿನಲ್ಲಿ ಎರಡನ್ನೂ ಕತ್ತರಿಸಿ ನೋಡದೆ ತೀರ್ಮಾನಿಸಬೇಡಿ.

ಕೈಕೊಡುವ ಜಾಗಗಳೂ ಇವೆ. ಬಿಳಿ ಅಂಗಿ ಒದ್ದೆಯಾದರೆ ಕ್ಯಾಮೆರಾಕ್ಕೆ ಸರಿಯಾಗಿ ಕಾಣುವುದಿಲ್ಲ, ಕಡುಗಪ್ಪೂ ಅಷ್ಟೆ. ತಿಳಿನೀಲಿ ಅಥವಾ ಬೂದು ಬಣ್ಣದ ಕಾಟನ್ ಒದ್ದೆಯಾದಾಗ ಎದ್ದು ಕಾಣುವಷ್ಟು ಕಪ್ಪಾಗುತ್ತದೆ. ಪಾಲಿಯೆಸ್ಟರ್ ನೀರು ಹಿಡಿಯುವುದಿಲ್ಲ, ಎರಡನೇ ಟೇಕಿಗೆ ತೊಟ್ಟಿಕ್ಕುವುದೇ ನಿಂತಿರುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ನೀರು, ಅದೇ ಬಣ್ಣದ ಇನ್ನೊಂದು ಅಂಗಿ ಇರಲಿ. ಇನ್ನೊಂದು ದೊಡ್ಡ ತೊಡಕು ಬೆಳಕು. ನಮ್ಮ ಕಡೆ ಸೂರ್ಯ ಮುಳುಗಿದ ಮೇಲೆ ಬಳಸಬಹುದಾದ ಬೆಳಕು ಸುಮಾರು 20 ನಿಮಿಷ ಮಾತ್ರ ಇರುತ್ತದೆ. ಅಷ್ಟರಲ್ಲಿ ಎರಡು ವೈಡ್ ಮುಗಿಸಿದರೆ ಪುಣ್ಯ. ಕ್ಲೋಸ್‌ಗಳನ್ನು ಅದೇ ದಿನ ನಾಲ್ಕು ಗಂಟೆಗೆ, ಗೋಡೆಯ ನೆರಳಿನಲ್ಲಿ, ಬಿಸಿಲು ಬೀಳದ ಹಾಗೆ ಮೊದಲೇ ತೆಗೆದಿಟ್ಟುಕೊಳ್ಳಿ.

ಕೊನೆಗೆ ಒಂದು ಪರೀಕ್ಷೆ. ಕಥೆ ಗೊತ್ತಿಲ್ಲದ ಐದು ಜನರಿಗೆ ಟೈಟಲ್‌ವರೆಗೆ ಮಾತ್ರ ತೋರಿಸಿ. ‘ಹೇಗಿದೆ’ ಎಂದು ಕೇಳಬೇಡಿ. ‘ಏನು ನಡೆಯಿತು ಹೇಳಿ’, ‘ಈಗ ಏನು ತಿಳಿಯಬೇಕು ಅನಿಸುತ್ತಿದೆ’, ಎರಡೇ ಪ್ರಶ್ನೆ. ಮೊದಲನೆಯದಕ್ಕೆ ಐವರೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಡಬೇಕು. ಎರಡನೆಯದಕ್ಕೂ ಒಂದೇ ಪ್ರಶ್ನೆ ಮುಂದಿಡಬೇಕು. ಐದು ಜನ ಐದು ಪ್ರಶ್ನೆ ಕೇಳಿದರೆ ದೃಶ್ಯ ಇನ್ನೂ ಸೋರುತ್ತಿದೆ.

ಪ್ರಶ್ನೆ: ಆರಂಭಕ್ಕೆ ಹಿನ್ನೆಲೆ ಸಂಗೀತ ಎಷ್ಟಿರಬೇಕು? ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನ್ ಹಾಕಿ ಕೇಳಿದಾಗ ಮೈ ಜುಮ್ಮೆನ್ನುವ ಆರ್‌ಆರ್ (ಹಿನ್ನೆಲೆ ಸಂಗೀತ), ಯಾರದಾದರೂ ಮೊಬೈಲಿನಲ್ಲಿ ಕೇಳಿದರೆ ಮಾಯವಾಗಿರುತ್ತದೆ.
(ಧ್ವನಿ ವಿಭಾಗದ ಓದುಗರು, ಧಾರವಾಡ)

ಮಾಯವಾಗುವುದಕ್ಕೆ ಕಾರಣ ಸರಳ. ನೀವು ಹಾಕಿದ ‘ಗುಂ’ ಎನ್ನುವ ಡ್ರೋನ್, ಅಂದರೆ ಒಂದೇ ಸಮನೆ ಮೊಳಗುವ ತಗ್ಗು ಸ್ವರ, ಬಹುಶಃ 40ರಿಂದ 80 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ನಡುವೆ ಇದೆ. ಮೊಬೈಲಿನ ಪುಟ್ಟ ಸ್ಪೀಕರಿಗೆ ಸುಮಾರು 200 ಹರ್ಟ್ಸಿಗಿಂತ ಕೆಳಗಿನದು ಸರಿಯಾಗಿ ನುಡಿಸಲು ಬರುವುದಿಲ್ಲ. ಅದೇ ಸ್ವರದ ಮೇಲಿನ ಸ್ಥಾಯಿಗಳಲ್ಲಿ, 300–400 ಹರ್ಟ್ಸಿನ ಸುತ್ತ, ಇನ್ನೊಂದು ತೆಳು ಪದರ ಸೇರಿಸಿ. ಸದ್ದನ್ನು ತುಸು ಒರಟಾಗಿಸಿ ಮೇಲಿನ ಸ್ವರಗಳನ್ನು ಹುಟ್ಟಿಸುವ ಸ್ಯಾಚುರೇಶನ್ ಸ್ವಲ್ಪ ಕೊಟ್ಟರೂ ಆದೀತು. ಮಿಕ್ಸ್ ಮುಗಿಸುವ ಮೊದಲು ಹೆಡ್‌ಫೋನ್, ಟಿವಿ, ಮೊಬೈಲ್ ಮೂರರಲ್ಲೂ ಕೇಳಿ.

ಎಷ್ಟಿರಬೇಕು ಎನ್ನುವ ಪ್ರಶ್ನೆಗೆ ಮತ್ತೆ ‘ಟಚ್ ಆಫ್ ಈವಿಲ್’ಗೆ ಬರಬೇಕು. 1958ರಲ್ಲಿ ಬಿಡುಗಡೆಯಾದಾಗ ಆ ಮೊದಲ ಶಾಟಿನ ಮೇಲೆ ಟೈಟಲ್‌ಗಳನ್ನು ಹಾಕಿ, ಹೆನ್ರಿ ಮಾನ್ಸಿನಿ ಅವರ ಸಂಗೀತವನ್ನು ಉದ್ದಕ್ಕೂ ಹರಿಸಿದ್ದರು. ವೆಲ್ಸ್ ಬಯಸಿದ್ದು ಅದಲ್ಲ. ತಮಗೇನು ಬೇಕು ಎಂದು ಅವರು ನಿರ್ಮಾಣ ಸಂಸ್ಥೆಗೆ 58 ಪುಟಗಳ ಟಿಪ್ಪಣಿ ಬರೆದಿದ್ದರು. ಅದನ್ನು ಆಧರಿಸಿ 1998ರಲ್ಲಿ ಸಂಕಲನಕಾರ ವಾಲ್ಟರ್ ಮರ್ಚ್ ಮರುಸಂಕಲನ ಮಾಡಿದಾಗ ಟೈಟಲ್‌ಗಳು ಹೋದವು, ಸಂಗೀತದ ಬದಲು ಬೀದಿಯ ಸದ್ದುಗಳು ಬಂದವು: ಒಂದೊಂದು ಕ್ಲಬ್ಬಿನ ಬಾಗಿಲಿನಿಂದ ಒಂದೊಂದು ಹಾಡು, ಜೊತೆಗೆ ಆ ಕಾರಿನ ರೇಡಿಯೋ. ಇದರಿಂದ ಆದ ಲಾಭ ನೋಡಿ. ಕಾರು ಚೌಕಟ್ಟಿನಲ್ಲಿ ಇಲ್ಲದಾಗಲೂ ಅದರ ರೇಡಿಯೋ ಕೇಳಿಸುತ್ತದೆ. ಸದ್ದು ಹತ್ತಿರವಾದರೆ ಬಾಂಬು ಹತ್ತಿರ ಬಂತು. ಕಣ್ಣಿಗೆ ಕಾಣದ ಅಪಾಯವನ್ನು ಕಿವಿ ಅಳೆಯತೊಡಗುತ್ತದೆ. ಒಂದೇ ಸಮನೆ ಹರಿಯುವ ಹಿನ್ನೆಲೆ ಸಂಗೀತ ಈ ಅಳತೆಗೋಲನ್ನು ಅಳಿಸಿಹಾಕಿತ್ತು.

ಇನ್ನೂ ಹಿಂದಕ್ಕೆ ಹೋದರೆ ಫ್ರಿಟ್ಜ್ ಲ್ಯಾಂಗ್ ಅವರ 1931ರ ‘ಎಂ’. ಆ ಚಿತ್ರಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಕೊಲೆಗಾರ ಶಿಳ್ಳೆಯಲ್ಲಿ ಗುನುಗುವ ಒಂದು ಧಾಟಿ ಮಾತ್ರ ಇದೆ, ಮುಂದೆ ಅದೇ ಶಿಳ್ಳೆ ಅವನನ್ನು ಹಿಡಿದುಕೊಡುತ್ತದೆ. ನಟ ಪೀಟರ್ ಲೊರೆಗೆ ಶಿಳ್ಳೆ ಹೊಡೆಯಲು ಬರುತ್ತಿರಲಿಲ್ಲ, ಲ್ಯಾಂಗ್ ಅವರೇ ಹೊಡೆದಿದ್ದರು.

ಹಾಗಾಗಿ ನಿಮ್ಮ ಕೆಲಸ ಶೂಟಿಂಗ್ ಸ್ಥಳದಲ್ಲೇ ಶುರುವಾಗಬೇಕು. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಪೂರ್ತಿ 60 ಸೆಕೆಂಡ್ ಬರೀ ಆ ಜಾಗದ ಸದ್ದು ರೆಕಾರ್ಡ್ ಮಾಡಿ. ಇದಿಲ್ಲದಿದ್ದರೆ ಎಡಿಟಿಂಗಿನಲ್ಲಿ ಕಟ್ ಕಟ್ಟಿಗೂ ಹಿನ್ನೆಲೆ ಸದ್ದು ಜಿಗಿಯುತ್ತದೆ, ಅದನ್ನು ಮುಚ್ಚಲೆಂದೇ ಸಂಗೀತ ಸುರಿಯಬೇಕಾಗುತ್ತದೆ. ಫ್ಯಾನ್, ಫ್ರಿಡ್ಜ್ ಆಫ್ ಮಾಡಿಸಿ. (ಫ್ರಿಡ್ಜಿನೊಳಗೆ ನಿಮ್ಮ ಗಾಡಿಯ ಕೀ ಇಟ್ಟುಬಿಡಿ, ಹೊರಡುವಾಗ ಮತ್ತೆ ಆನ್ ಮಾಡಲು ಮರೆಯುವುದಿಲ್ಲ.) ಅಂಗಿಯ ದೃಶ್ಯದಲ್ಲಾದರೆ ಹನಿ ಕಲ್ಲಿನ ಮೇಲೆ ಬೀಳುವ ಸದ್ದನ್ನು ಪ್ರತ್ಯೇಕವಾಗಿ ಹತ್ತಿರದಿಂದ ಹಿಡಿಯಿರಿ. ಅಂಗಿ ಕಾಣುವುದಕ್ಕೆ 6–7 ಸೆಕೆಂಡ್ ಮೊದಲೇ, ಅವಳು ಒಣಬಟ್ಟೆ ಮಡಚುತ್ತಿರುವಾಗಲೇ, ಅದು ಕೇಳಿಸಲಿ. ಅಂಗಿ ಕಂಡ ಕ್ಷಣ ‘ಢಂ’ ಎಂದು ಹೊಡೆಯಬೇಡಿ. ಆ ಹೊಡೆತ ‘ಈಗ ಹೆದರಿಕೊಳ್ಳಿ’ ಎಂದು ಹೇಳಿಕೊಟ್ಟ ಹಾಗೆ. ಪ್ರೇಕ್ಷಕರು ತಾವೇ ಕಂಡುಕೊಂಡದ್ದನ್ನು ಕಿತ್ತುಕೊಂಡಂತಾಗುತ್ತದೆ.

ಪ್ರಶ್ನೆ: ರಾತ್ರಿ ದೃಶ್ಯವನ್ನು ಮೊಬೈಲಿನಲ್ಲಿ ತೆಗೆದರೆ ತೆರೆಯ ಮೇಲೆ ಪಟ್ಟಿ ಪಟ್ಟಿ ಓಡುತ್ತದೆ, ಕಪ್ಪು ಜಾಗದಲ್ಲೆಲ್ಲ ಕಾಳು ಕಾಳು ಬರುತ್ತದೆ. ಏನು ಮಾಡಲಿ?
(ಕಾಲೇಜು ವಿದ್ಯಾರ್ಥಿನಿ, ಚಿಕ್ಕಮಗಳೂರು)

ಪಟ್ಟಿಗೆ ಕಾರಣ ನಮ್ಮ ಕರೆಂಟು. ಇಲ್ಲಿ ವಿದ್ಯುತ್ 50 ಹರ್ಟ್ಸ್, ಟ್ಯೂಬ್‌ಲೈಟು, ಹಲವು ಬೀದಿದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಮೊಬೈಲು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮು, 1/60 ಶಟರಿನಲ್ಲಿ (ಪ್ರತಿ ಫ್ರೇಮಿಗೆ ಸೆಕೆಂಡಿನ 1/60 ಭಾಗ ಬೆಳಕು ಬಿಟ್ಟು) ತೆಗೆಯುತ್ತದೆ, ಎರಡಕ್ಕೂ ತಾಳೆಯಾಗುವುದಿಲ್ಲ. ಮ್ಯಾನುವಲ್ ಮೋಡಿಗೆ ಹೋಗಿ 25 ಅಥವಾ 24 ಫ್ರೇಮು, ಶಟರ್ 1/50 ಇಡಿ. ಶಟರಿನ ಹೊತ್ತನ್ನು ಕೋನದಲ್ಲಿ, ಅಂದರೆ ಡಿಗ್ರಿಯಲ್ಲಿ, ಲೆಕ್ಕ ಹಾಕುವ ಕ್ಯಾಮೆರಾ ಆದರೆ 24 ಫ್ರೇಮಿಗೆ 172.8 ಡಿಗ್ರಿ. ಅಗ್ಗದ ಎಲ್‌ಇಡಿ ಬಲ್ಬುಗಳು, ಅದರಲ್ಲೂ ಡಿಮ್ಮರಿಗೆ ಹಾಕಿದವು, ತಮ್ಮದೇ ಲೆಕ್ಕದಲ್ಲಿ ಮಿನುಗಬಹುದು. ಅಂಥಲ್ಲಿ 10 ಸೆಕೆಂಡ್ ತೆಗೆದು ದೊಡ್ಡ ಪರದೆಯಲ್ಲಿ ನೋಡಿ, ಬೇಕಾದರೆ ಬಲ್ಬನ್ನೇ ಬದಲಿಸಿ.

ಕಾಳಿಗೆ ಕಾರಣ ಬೆಳಕಿನ ಕೊರತೆ. ರಾತ್ರಿ ಎಂದರೆ ಕತ್ತಲೆ ಎಂದುಕೊಂಡು ಎಲ್ಲ ದೀಪ ಆರಿಸಿದರೆ ಮೊಬೈಲು ಐಎಸ್ಒ (ಬೆಳಕನ್ನು ಹಿಗ್ಗಿಸಿ ತೋರಿಸುವ ಮಟ್ಟ) ಏರಿಸಿಕೊಂಡು ಕಪ್ಪನ್ನು ಬೂದು ಮಾಡುತ್ತದೆ. ಚೌಕಟ್ಟಿನಲ್ಲಿ ಒಂದು ಬೆಳಕು ಕಾಣಲಿ: ಜಗಲಿಯ ಬಲ್ಬು, ಅಂಗಡಿಯ ದೀಪ, ಕಿಟಕಿಯ ಹಳದಿ. ಆ ಒಂದು ಚುಕ್ಕೆ ಇದ್ದರೆ ಉಳಿದದ್ದು ತಾನಾಗಿ ಕತ್ತಲಾಗಿ ಕಾಣುತ್ತದೆ. ತುಸು ಹೆಚ್ಚೇ ಬೆಳಕಿನಲ್ಲಿ ತೆಗೆದು ಆಮೇಲೆ ಗ್ರೇಡಿಂಗಿನಲ್ಲಿ, ಅಂದರೆ ಬಣ್ಣ-ಬೆಳಕು ತಿದ್ದುವ ಹಂತದಲ್ಲಿ, ಇಳಿಸಿ. ಇಳಿಸಿದರೆ ಕಾಳು ಅಡಗುತ್ತದೆ, ಏರಿಸಿದರೆ ಏಳುತ್ತದೆ. ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಎರಡನ್ನೂ ಲಾಕ್ ಮಾಡಲು ಮರೆಯಬೇಡಿ. ಇಲ್ಲದಿದ್ದರೆ ನಟ ದೀಪದ ಮುಂದೆ ದಾಟಿದ ಕೂಡಲೇ ಇಡೀ ಬೀದಿ ಉಸಿರಾಡಿದಂತೆ ಮಂಕಾಗಿ ಬೆಳಗುತ್ತದೆ.

ಪ್ರಶ್ನೆ: ಹೆಣದಿಂದ ಶುರು ಮಾಡಿ ‘ಮೂರು ದಿನಗಳ ಹಿಂದೆ’ ಎಂದು ಹಿಂದಕ್ಕೆ ಹೋಗುವ ತಂತ್ರ ಹಳೆಯದಾಯಿತೇ?
(ಓದುಗರು, ಬೆಂಗಳೂರು)

ಹಳೆಯದಾದದ್ದು ನಿಜ, ಆದರೆ ಕೆಟ್ಟದ್ದಲ್ಲ. ಬಿಲ್ಲಿ ವೈಲ್ಡರ್ ಅವರ 1950ರ ‘ಸನ್‌ಸೆಟ್ ಬೂಲೆವಾರ್ಡ್’ ಈಜುಕೊಳದಲ್ಲಿ ಬೋರಲು ತೇಲುವ ಹೆಣದಿಂದ ಶುರುವಾಗುತ್ತದೆ. ಕಥೆ ಹೇಳುವವನು ಆ ಸತ್ತವನೇ. ಮೊದಲು ಚಿತ್ರೀಕರಿಸಿದ ಆರಂಭ ಬೇರೆ ಇತ್ತು: ಶವಾಗಾರದಲ್ಲಿ ಹೆಣಗಳು ತಮ್ಮ ಸಾವಿನ ಬಗ್ಗೆ ಮಾತಾಡಿಕೊಳ್ಳುವುದು. ಇಲಿನಾಯ್ ರಾಜ್ಯದ ಇವಾನ್‌ಸ್ಟನ್ ಊರಿನಲ್ಲಿ ಪೂರ್ವಪ್ರದರ್ಶನ ಇಟ್ಟಾಗ ಜನ ನಕ್ಕುಬಿಟ್ಟರು. ವೈಲ್ಡರ್ ಆ ದೃಶ್ಯವನ್ನೇ ಕಿತ್ತು, ಬಿಡುಗಡೆಯನ್ನು ಮುಂದಕ್ಕೆ ಹಾಕಿ, ಆರಂಭವನ್ನು ಹೊಸದಾಗಿ ಕಟ್ಟಿದರು. ಮೊದಲ ದೃಶ್ಯದಲ್ಲಿ ನಕ್ಕವರನ್ನು ಮತ್ತೆ ಹೆದರಿಸುವುದು ಬಹಳ ಕಷ್ಟ. ತೇಲುವ ಹೆಣವನ್ನು ಕೆಳಗಿನಿಂದ ತೋರಿಸಲು ಕೊಳದ ತಳದಲ್ಲಿ ಕನ್ನಡಿ ಇಟ್ಟು, ಅದರ ಪ್ರತಿಬಿಂಬವನ್ನು ಮೇಲಿನಿಂದ ಚಿತ್ರೀಕರಿಸಿದರು. ಕ್ಯಾಮೆರಾ ನೀರಿಗಿಳಿಸುವ ಅಗತ್ಯವೇ ಬೀಳಲಿಲ್ಲ.

ಇಲ್ಲಿ ಕೆಲಸ ಮಾಡುವುದು ಹೆಣಕ್ಕಿಂತ ಪ್ರಶ್ನೆಯ ಬದಲಾವಣೆ. ಅವನು ಸಾಯುತ್ತಾನೆ ಎಂದು ಗೊತ್ತಾದ ಮೇಲೆ ‘ಬದುಕುತ್ತಾನಾ’ ಎನ್ನುವುದು ಹೋಗಿ ‘ಯಾವ ಹೆಜ್ಜೆಯಲ್ಲಿ ತಪ್ಪಿದ’ ಎನ್ನುವುದು ಬರುತ್ತದೆ. ಎರಡನೆಯ ಪ್ರಶ್ನೆ ನಿಮ್ಮ ಕಥೆಗೆ ಹೆಚ್ಚು ಒಪ್ಪುವುದಾದರೆ ಈ ತಂತ್ರ ಬಳಸಿ. ಕಥೆಯ ನಿಜವಾದ ಆರಂಭ ಸಪ್ಪೆಯಾಗಿದೆ ಎನ್ನುವ ಕಾರಣಕ್ಕೆ ಕ್ಲೈಮ್ಯಾಕ್ಸಿನ ತುಂಡೊಂದನ್ನು ತಂದು ಮುಂದೆ ಅಂಟಿಸುವುದಾದರೆ ಬೇಡ. ಆ ಸಪ್ಪೆ ಆರಂಭ ಮೂರನೇ ನಿಮಿಷದಲ್ಲಿ ಮತ್ತೆ ಎದುರಾಗುತ್ತದೆ.

ಪ್ರಶ್ನೆ: ಕೊಲೆಗಾರನನ್ನು ತೋರಿಸದೆ ಕೊಲೆಯನ್ನು ತೋರಿಸುವುದು ಹೇಗೆ? ಮುಖವಾಡ, ಹುಡ್ಡಿ, ಕೈಗವಸು ನೋಡಿ ಸಾಕಾಗಿದೆ. ಮೊದಲ ದೃಶ್ಯ ಕನಸು ಎಂದು ಆಮೇಲೆ ತಿಳಿಸಿದರೆ?
(ಓದುಗರು, ಕಲಬುರಗಿ)

ಕನಸು ಬೇಡ. ಹಿಚ್‌ಕಾಕ್ 1950ರ ‘ಸ್ಟೇಜ್ ಫ್ರೈಟ್’ ಚಿತ್ರದ ಆರಂಭದಲ್ಲಿ ಒಂದು ಸುಳ್ಳು ಫ್ಲ್ಯಾಶ್‌ಬ್ಯಾಕ್ ಇಟ್ಟರು. ಪಾತ್ರ ಹೇಳಿದ ಸುಳ್ಳನ್ನೇ ನಿಜ ನಡೆದಂತೆ ತೋರಿಸಿದ್ದರು. ಹಾಗೆ ಮಾಡಬಾರದಿತ್ತು ಎಂದು ಆಮೇಲೆ ಅವರೇ ಒಪ್ಪಿಕೊಂಡರು. ಪಾತ್ರ ಸುಳ್ಳು ಹೇಳಬಹುದು. ಕ್ಯಾಮೆರಾ ಹೇಳಿದ ಸುಳ್ಳನ್ನು ಪ್ರೇಕ್ಷಕರು ಕ್ಷಮಿಸುವುದಿಲ್ಲ.

ಕೊಲೆ ತೋರಿಸುವ ಬಗ್ಗೆ ‘ಎಂ’ ಚಿತ್ರದ ಮೊದಲ ಕೆಲವು ನಿಮಿಷ ಹತ್ತು ಸಲ ನೋಡಿ. ಹುಡುಗಿ ಶಾಲೆಯಿಂದ ಬರುತ್ತ ಚೆಂಡನ್ನು ಒಂದು ಕಂಬಕ್ಕೆ ಪುಟಿಸುತ್ತಾಳೆ. ಅದರ ಮೇಲೆ ಅಂಟಿಸಿರುವುದು ಮಕ್ಕಳ ಕೊಲೆಗಾರನನ್ನು ಹಿಡಿದುಕೊಟ್ಟವರಿಗೆ ಬಹುಮಾನ ಎನ್ನುವ ಪ್ರಕಟಣೆ. ಅದರ ಮೇಲೆ ಒಬ್ಬ ಗಂಡಸಿನ ನೆರಳು ಬೀಳುತ್ತದೆ, ಅವಳ ಜೊತೆ ಮಾತಾಡುತ್ತದೆ. ಇತ್ತ ಮನೆಯಲ್ಲಿ ತಾಯಿ ಮೇಜಿನ ಮೇಲೆ ತಟ್ಟೆ ಇಟ್ಟು ಗಡಿಯಾರ ನೋಡುತ್ತಿದ್ದಾಳೆ. ಆಮೇಲೆ ತಾಯಿ ಮಗಳ ಹೆಸರು ಕರೆಯುವುದು ಮಾತ್ರ ಕೇಳಿಸುತ್ತದೆ. ತೆರೆಯ ಮೇಲೆ ಖಾಲಿ ಮೆಟ್ಟಿಲು, ಬಟ್ಟೆ ಒಣಹಾಕಿದ ಖಾಲಿ ಅಟ್ಟ, ಖಾಲಿ ತಟ್ಟೆ. ಪೊದೆಯಿಂದ ಚೆಂಡು ಉರುಳಿ ಬಂದು ನಿಲ್ಲುತ್ತದೆ. ಅವನು ಕೊಡಿಸಿದ ಬಲೂನು ತಂತಿಗೆ ಸಿಕ್ಕಿಕೊಂಡು ಒದ್ದಾಡುತ್ತದೆ. ಹಿಂಸೆ ಎಲ್ಲೂ ಇಲ್ಲ, ಆದರೂ ಏನಾಯಿತು ಎನ್ನುವ ಬಗ್ಗೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ಎದೆ ಹಿಂಡುವ ದೃಶ್ಯ ಅದು.

ವಿಧಾನ ಇಷ್ಟು: ಬಲಿಯಾಗುವವರಿಗೆ ಸೇರಿದ ಒಂದೆರಡು ವಸ್ತುಗಳನ್ನು ಅವರ ಕೈಯಲ್ಲಿ ಚೆನ್ನಾಗಿ ತೋರಿಸಿ. ಆಮೇಲೆ ಅದೇ ವಸ್ತುಗಳನ್ನು ಅವರಿಲ್ಲದೆ ತೋರಿಸಿ. ಚೆಂಡನ್ನು ಮೊದಲು ತೋರಿಸದೆ ಕೊನೆಗೆ ಮಾತ್ರ ಉರುಳಿಸಿದರೆ ಅದು ಬರೀ ಚೆಂಡು. 1975ರ ‘ಜಾಸ್’ ಆರಂಭದಲ್ಲೂ ಶಾರ್ಕ್ ಒಂದು ಫ್ರೇಮಿನಲ್ಲೂ ಕಾಣುವುದಿಲ್ಲ. ಈಜುವವಳನ್ನು ಅದು ಹೇಗೆ ಎಳೆದಾಡುತ್ತದೆ ಎನ್ನುವುದಷ್ಟೇ ಕಾಣುತ್ತದೆ. ನಟಿಯ ಸೊಂಟಕ್ಕೆ ಪಟ್ಟಿ ಕಟ್ಟಿ, ಹಗ್ಗಗಳಿಂದ ಆಚೀಚೆ ಜಗ್ಗಿ ಅದನ್ನು ಮಾಡಿದ್ದರು. ಕೊಲೆಗಾರನನ್ನು ಅಳೆಯಲು ಅವನ ಕೈಗವಸಿಗಿಂತ ಬಲಿಯ ದೇಹದ ಚಲನೆ ಹೆಚ್ಚು ನೆರವಾಗುತ್ತದೆ.

ಪ್ರಶ್ನೆ: ದಿನಾಂಕ, ಊರಿನ ಹೆಸರು ತೆರೆಯ ಮೇಲೆ ಬರೆಯಬೇಕೇ? ನಮ್ಮೂರಿನ ಜಾಗಗಳಲ್ಲಿ ಥ್ರಿಲ್ಲರ್ ನಂಬಿಸಲು ಆಗುತ್ತದೆಯೇ?
(ಓದುಗರು, ಮೈಸೂರು)

ಬರೆದರೆ ಖಚಿತವಾಗಿ ಬರೆಯಿರಿ. 1960ರ ‘ಸೈಕೋ’ ಶುರುವಾಗುವಾಗ ಫೀನಿಕ್ಸ್, ಅರಿಝೋನಾ, ಶುಕ್ರವಾರ, ಡಿಸೆಂಬರ್ 11, ಮಧ್ಯಾಹ್ನ 2.43 ಎಂದು ಬರುತ್ತದೆ. ‘ಮಧ್ಯಾಹ್ನ’ ಎಂದಷ್ಟೇ ಇದ್ದರೆ ಮಾಹಿತಿ. 2.43 ಎಂದಾಗ ಈ ನಿಮಿಷವನ್ನು ಯಾರೋ ದಾಖಲಿಸುತ್ತಿದ್ದಾರೆ ಎನಿಸುತ್ತದೆ. ಅಕ್ಷರಗಳು ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ಇರಲಿ. ಕನ್ನಡದ ಒತ್ತಕ್ಷರಗಳು ಸಣ್ಣ ತೆರೆಯಲ್ಲಿ ಕಲಸಿಹೋಗುತ್ತವೆ, ಸಾಲಿನ ನಡುವೆ ಜಾಗ ಹೆಚ್ಚು ಬಿಡಿ.

ನಮ್ಮ ಜಾಗಗಳ ಬಗ್ಗೆ ಅನುಮಾನವೇ ಬೇಡ. 1993ರಲ್ಲೇ ಸುನೀಲ್ ಕುಮಾರ್ ದೇಸಾಯಿ ‘ನಿಷ್ಕರ್ಷ’ಕ್ಕೆ ಮಣಿಪಾಲದ ಒಂದು ಬ್ಯಾಂಕ್ ಕಟ್ಟಡ ಸಾಕು ಎಂದು ತೋರಿಸಿಕೊಟ್ಟರು. 2016ರ ‘ಯು ಟರ್ನ್’ ಬೆಂಗಳೂರಿನ ಡಬಲ್ ರೋಡ್ ಫ್ಲೈಓವರಿನಲ್ಲಿ ಬೈಕ್ ಸವಾರರು ಡಿವೈಡರಿನ ಕಲ್ಲು ಸರಿಸಿ ತಿರುಗುವ ಚಾಳಿಯ ಮೇಲೆ ನಿಂತಿದೆ. 2019ರ ‘ಕವಲುದಾರಿ’ಯಲ್ಲಿ ಮೆಟ್ರೋ ಕಾಮಗಾರಿಗೆ ನೆಲ ಅಗೆದಲ್ಲಿ ತಲೆಬುರುಡೆಗಳು ಸಿಗುತ್ತವೆ. ದಿನಾ ದಾಟುವ ಗುಂಡಿ ಅದು, ದಿನಾ ನೋಡುವ ಕಲ್ಲು ಅದು. ನೋಡುವವರಿಗೆ ಆ ಜಾಗ ಮೊದಲೇ ಪಾಠವಾಗಿರುವುದರಿಂದ, ಮೇಲೆ ಹೇಳಿದ ನಾಲ್ಕು ಸಂಗತಿಗಳಲ್ಲಿ ಒಂದನ್ನು, ಅಂದರೆ ಜಾಗವನ್ನು, ವಿವರಿಸುವ ಕೆಲಸ ನಿಮಗೆ ತಪ್ಪಿತು.

ಪ್ರಶ್ನೆ: ಥಿಯೇಟರಿನಲ್ಲಿ ತಂಬಾಕು ಎಚ್ಚರಿಕೆಯ ಜಾಹೀರಾತು ಮುಗಿದ ಕೂಡಲೇ ನಮ್ಮ ಮೊದಲ ಶಾಟ್ ಬಂದರೆ ಮೂಡೇ ಹಾಳು. ದಾರಿ ಇದೆಯೇ?
(ಸಹಾಯಕ ನಿರ್ದೇಶಕರು, ಬೆಳಗಾವಿ)

ತಂಬಾಕು ಬಳಕೆ ತೋರಿಸುವ ಚಿತ್ರಕ್ಕೆ ಆರಂಭದಲ್ಲೂ ಮಧ್ಯದಲ್ಲೂ ಕನಿಷ್ಠ 30 ಸೆಕೆಂಡಿನ ಆರೋಗ್ಯ ಸಂದೇಶ, ಕನಿಷ್ಠ 20 ಸೆಕೆಂಡಿನ ದೃಶ್ಯ-ಶ್ರವ್ಯ ಎಚ್ಚರಿಕೆ ಕಡ್ಡಾಯ. ಸೇದುವ ದೃಶ್ಯ ಇರುವಷ್ಟು ಹೊತ್ತು ತೆರೆಯ ಕೆಳಗೆ ಅಕ್ಷರದಲ್ಲೂ ಎಚ್ಚರಿಕೆ ಬರಬೇಕು. ಇವನ್ನು ತಪ್ಪಿಸಲು ಆಗುವುದಿಲ್ಲ, ಲೆಕ್ಕಕ್ಕೆ ಹಿಡಿಯಬಹುದು. ಆ ದೊಡ್ಡ ದನಿಯ ಬೆನ್ನಿಗೇ ಪಿಸುಮಾತಿನ ದೃಶ್ಯ ಇಟ್ಟರೆ ಮೊದಲ ಸಾಲು ಯಾರಿಗೂ ಕೇಳುವುದಿಲ್ಲ. ಮೊದಲ ಶಾಟಿಗೆ ಮುನ್ನ 6ರಿಂದ 8 ಸೆಕೆಂಡ್ ಪೂರ್ತಿ ಕಪ್ಪು ತೆರೆ ಇಡಿ, ಅದರ ಮೇಲೆ ಆ ಜಾಗದ ಸದ್ದು ಮಾತ್ರ, ಸೊನ್ನೆಯಿಂದ ನಿಧಾನವಾಗಿ ಏರಲಿ. ಕಿವಿ ಇಳಿದು ಹೊಂದಿಕೊಳ್ಳಲು ಅಷ್ಟು ಸಾಕು. ಮೊದಲ ಮಾತು ಇನ್ನೂ 10 ಸೆಕೆಂಡ್ ಆದ ಮೇಲೆ ಬರಲಿ. ಮೊದಲ ದೃಶ್ಯದಲ್ಲಿ ಪಾತ್ರದ ಕೈಗೆ ಸುಮ್ಮನೆ ಸಿಗರೇಟು ಕೊಟ್ಟಿದ್ದರೆ ತೆಗೆದುಬಿಡಿ. ಕೆಳಗೆ ಅಕ್ಷರ ಬಂದ ಕೂಡಲೇ ಕಣ್ಣು ಅಲ್ಲಿಗೆ ಹೋಗುತ್ತದೆ, ನೀವು ಚೌಕಟ್ಟಿನ ಮೂಲೆಯಲ್ಲಿ ಜತನದಿಂದ ಇಟ್ಟ ಸುಳಿವು ತಪ್ಪಿಹೋಗುತ್ತದೆ.